ಜಿನುಗುವ ಮಿದುಳು, ಜಾರುವ ಯಂತ್ರ

'ಲೀಕೀ ಬ್ರೈನ್', ಅಂದರೆ ನಿಮ್ಮ ಮಿದುಳು ಸೋರುತ್ತಿದೆ ಎಂದು ಹೆದರಿಸಿ ಮಾತ್ರೆ, ಪುಡಿ ಮಾರುವವರು ಈಗ ಕಮ್ಮಿಯಿಲ್ಲ. ಜಾಹೀರಾತಿನ ಜೊತೆಗೆ ಕೆಂಪು, ಹಳದಿ, ನೀಲಿ ಮೆತ್ತಿದ ಮಿದುಳಿನ ಚಿತ್ರವೂ ಇರುತ್ತದೆ. ಕೆಂಪಾದ ಕಡೆಯೆಲ್ಲ ಸೋರುತ್ತಿದೆ ಎಂದು ನಾವು ನಂಬಬೇಕು.

ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುವ ರಕ್ತ–ಮಿದುಳು ತಡೆಗೋಡೆ ಸೋರಬಲ್ಲದು, ಅದು ನಿಜ. ಆದರೆ ಅದು ಹೀಗೆ ಕಣ್ಣಿಗೆ ರಾಚುವಂತೆ ಕಾಣುತ್ತದೆ ಎನ್ನುವುದು ಬುರುಡೆ. ಮಿದುಳಿನ ಕೆಲವು ಗಡ್ಡೆಗಳಲ್ಲಿ ಹಾಗೆ ಕಾಣುವುದುಂಟು: ಗ್ಯಾಡೋಲಿನಿಯಮ್ ಎಂಬ ಲೋಹವಿರುವ ಕಾಂಟ್ರಾಸ್ಟನ್ನು, ಅಂದರೆ ಚಿತ್ರದಲ್ಲಿ ಎದ್ದು ಕಾಣಿಸುವ ಮದ್ದನ್ನು, ರಕ್ತಕ್ಕೆ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಆ ಜಾಗ ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ವಯಸ್ಸಾದಂತೆ, ಅಥವಾ ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆಯಲ್ಲಿ ಆಗುವ ಜಿನುಗು ಬೇರೆಯೇ ಬಗೆಯದು. ನುರಿತ ರೇಡಿಯಾಲಜಿಸ್ಟ್ ಎಷ್ಟು ದಿಟ್ಟಿಸಿದರೂ ಅದು ಕಾಣದು. ಅದನ್ನು ಲೆಕ್ಕ ಹಾಕಿಯೇ ಹಿಡಿಯಬೇಕು.

ಈ ಗೋಡೆ ಪತ್ತೆಯಾದದ್ದೂ ಬಣ್ಣದಿಂದಲೇ. 1885ರಲ್ಲಿ ಜರ್ಮನ್ ವಿಜ್ಞಾನಿ ಪೌಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದ ಅಂಗಗಳಿಗೆ ಬಣ್ಣ ಹತ್ತಿತು, ಮಿದುಳಿಗೆ ಹತ್ತಲಿಲ್ಲ. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೆಂದು ಅವರು ತಿಳಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಟ್ರಿಪಾನ್ ಬ್ಲೂ ಬಣ್ಣವನ್ನು ನೇರವಾಗಿ ಮಿದುಳನ್ನು ಸುತ್ತುವರಿದ ದ್ರವಕ್ಕೇ ಸೇರಿಸಿದರು. ಮಿದುಳು ನೀಲಿಯಾಯಿತು! ಗುರುಗಳ ವಿವರಣೆ ಅಲ್ಲಿಗೆ ಬಿತ್ತು. ತಡೆ ಇರುವುದು ಮಿದುಳಿನ ಅಂಗಾಂಶದಲ್ಲಲ್ಲ, ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ, ಒಳಪದರದ ಕೋಶಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಂಡಿರುವ ಸಂದುಗಳಲ್ಲಿ ಎಂಬುದನ್ನು 1967ರಲ್ಲಿ ರೀಸ್ ಮತ್ತು ಕಾರ್ನೊವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು.

ಈಗಿನ ಕಾಂಟ್ರಾಸ್ಟ್ ಕೂಡ ಒಂದು ಬಗೆಯ ಬಣ್ಣವೇ, ಆದರೆ ಎಂಆರ್‌ಐ ನೇರವಾಗಿ ಗ್ಯಾಡೋಲಿನಿಯಮ್ಮನ್ನು ನೋಡುವುದಿಲ್ಲ. ಅದರ ಜೋಡಿಯಿಲ್ಲದ 7 ಎಲೆಕ್ಟ್ರಾನ್‌ಗಳು ಯಂತ್ರ ಕದಲಿಸಿದ ಅಕ್ಕಪಕ್ಕದ ನೀರಿನ ಪ್ರೋಟಾನ್‌ಗಳನ್ನು ಬೇಗ ಮೊದಲಿನ ಸ್ಥಿತಿಗೆ ತರುತ್ತವೆ, ಸಿಗ್ನಲ್ ಏರುತ್ತದೆ. ಆ ಏರಿಕೆಯಿಂದ ಕಾಂಟ್ರಾಸ್ಟ್ ಎಷ್ಟಿದೆ ಎಂದು ಹಿಮ್ಮುಖವಾಗಿ ಲೆಕ್ಕ ಹಾಕುತ್ತಾರೆ.

ಲೆಕ್ಕದ ಗಾತ್ರ ನೋಡಿ. ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬಿಟ್ಟ ದ್ರವಭಾಗದಲ್ಲಿ, ಕಾಂಟ್ರಾಸ್ಟ್ ಲೀಟರಿಗೆ 1 ಮಿಲಿಮೋಲ್ ಇದೆ, ನಿಮಿಷಕ್ಕೆ ಅದರ 0.0005 ಪಾಲಿನಷ್ಟು ಅಂಗಾಂಶಕ್ಕೆ ಜಿನುಗುತ್ತಿದೆ ಎಂದಿಟ್ಟುಕೊಳ್ಳಿ. 20 ನಿಮಿಷಕ್ಕೆ ಅಂಗಾಂಶದಲ್ಲಿ ಸೇರುವುದು 0.01. ಅದೇ ಜಾಗದಲ್ಲಿ ರಕ್ತದ ಪ್ಲಾಸ್ಮಾ ಶೇ. 2ರಷ್ಟು ಇದ್ದರೆ, ಹೊರಗೆ ಒಂದು ಹನಿಯೂ ಹೋಗದೆ ನಾಳದೊಳಗೇ ಉಳಿದ ಕಾಂಟ್ರಾಸ್ಟ್ 0.02! ಸೋರಿದ್ದಕ್ಕಿಂತ ಸೋರದೇ ಇದ್ದದ್ದೇ ಎರಡು ಪಟ್ಟು. ಒಂದೇ ಚಿತ್ರ ತೆಗೆದರೆ ಇವೆರಡನ್ನು ಬಿಡಿಸುವುದು ಸಾಧ್ಯವೇ ಇಲ್ಲ.

ಇಲ್ಲಿ ನನಗೆ ತುಂಬ ಹಿಡಿಸುವ ಉಪಾಯ ಬರುತ್ತದೆ. 1983ರಲ್ಲಿ ಕ್ಲಿಫರ್ಡ್ ಪಟ್ಲಾಕ್ ಮತ್ತು ಸಂಗಡಿಗರು ಕೊಟ್ಟದ್ದು. ನಾಳದೊಳಗಿನ ಪಾಲು ರಕ್ತದಲ್ಲಿ ಈ ಕ್ಷಣ ಇರುವ ಕಾಂಟ್ರಾಸ್ಟಿನ ಜೊತೆಗೇ ಏರಿ ಇಳಿಯುತ್ತದೆ. ಜಿನುಗಿದ್ದು ಮಾತ್ರ, ವಾಪಸು ರಕ್ತಕ್ಕೆ ಮರಳುವುದು ಲೆಕ್ಕಕ್ಕೆ ಬಾರದಷ್ಟು ಕಮ್ಮಿಯಿದ್ದರೆ, ಕೂಡುತ್ತಲೇ ಹೋಗುತ್ತದೆ. ಹಾಗಾಗಿ ತಲೆಯ ಚಿತ್ರಗಳನ್ನು 15–20 ನಿಮಿಷ, ಸಾಧ್ಯವಾದರೆ ಇನ್ನೂ ಹೆಚ್ಚು ಹೊತ್ತು, ಒಂದರ ಹಿಂದೊಂದು ತೆಗೆದು ಗ್ರಾಫ್ ಹಾಕಿದರೆ ಒಂದು ಸರಳರೇಖೆ ಸಿಗುತ್ತದೆ. ರೇಖೆ ಶುರುವಾಗುವ ಎತ್ತರ ನಾಳದಲ್ಲಿನ ಪ್ಲಾಸ್ಮಾ ಎಷ್ಟೆಂದು ಹೇಳುತ್ತದೆ, ಅದರ ಏರು ಸೋರಿಕೆಯ ವೇಗ ಹೇಳುತ್ತದೆ. ರಕ್ತದಲ್ಲಿನ ಪ್ರಮಾಣವನ್ನು ಸಾಮಾನ್ಯವಾಗಿ ನೆತ್ತಿಯ ಕೆಳಗೆ ಹಾಯುವ ದೊಡ್ಡ ಅಭಿಧಮನಿಯಲ್ಲಿ ಅಳೆಯುತ್ತಾರೆ. ಅಪಧಮನಿಯಾದರೆ ಸಣ್ಣದು, ರಕ್ತದ ರಭಸವೂ ಹೆಚ್ಚು, ಸಿಗ್ನಲ್ ಕೆಡುತ್ತದೆ. ಕಾಂಟ್ರಾಸ್ಟ್ ಕೆಂಪು ರಕ್ತಕಣಗಳೊಳಗೆ ಹೋಗುವುದಿಲ್ಲ, ಆದ್ದರಿಂದ ಕಣಗಳ ಪಾಲನ್ನೂ ಕಳೆಯಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಕಾಟ ಉಳಿಯುತ್ತದೆ. ಯಂತ್ರ ಬಿಸಿಯಾದಂತೆ ಸಿಗ್ನಲ್ ತಾನಾಗಿಯೇ ಮೆಲ್ಲಗೆ ಜಾರುತ್ತದೆ. ಮೀಟರ್ ಕೆಟ್ಟ ಆಟೋ ನಿಂತಲ್ಲೇ ನಿಂತಿದ್ದರೂ ಕಿಲೋಮೀಟರ್ ಏರುತ್ತದಲ್ಲ, ಹಾಗೆ. ಗಡ್ಡೆಯ ವಿಷಯದಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಸಣ್ಣ ಜಿನುಗಿನಲ್ಲಿ ಒಟ್ಟು ಏರಿಕೆಯೇ ಶೇಕಡ ಕೆಲವಷ್ಟು, ಯಂತ್ರದ ಜಾರುವಿಕೆ ಅದನ್ನು ನುಂಗಿಬಿಡಬಹುದು, ಇಲ್ಲದ ಸೋರಿಕೆಯನ್ನು ಹುಟ್ಟಿಸಲೂಬಹುದು. ಎಡಿನ್‌ಬರಾದ ತಂಡ 2011ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಕಾಂಟ್ರಾಸ್ಟ್ ಇಲ್ಲದೆ ಅದೇ ಯಂತ್ರವನ್ನು ಅಷ್ಟೇ ಹೊತ್ತು ಓಡಿಸಿ, ಸಿಗ್ನಲ್ ಎಷ್ಟು ಜಾರಿತು ಎಂದು ನೋಡದ ಸಂಶೋಧನೆಯ ಬಣ್ಣದ ಚಿತ್ರಗಳನ್ನು ನಾನಂತೂ ನಂಬುವುದಿಲ್ಲ.

2015ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು ವಯಸ್ಸಾದಂತೆ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪಿಗೆ ಬೇಕಾದ ಭಾಗದಲ್ಲಿ, ಜಿನುಗು ಹೆಚ್ಚುವುದನ್ನೂ, ಮರೆವು ಶುರುವಾದವರಲ್ಲಿ ಅದು ಇನ್ನೂ ಹೆಚ್ಚಿರುವುದನ್ನೂ ಹೀಗೆಯೇ ಅಳೆದರು. ಸೋರಿದ್ದರಿಂದ ಮರೆವು ಬಂತೋ, ಎರಡಕ್ಕೂ ಬೇರೊಂದು ಮೂಲವಿದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಾತ್ರೆ ಮಾರುವವರಿಗೆ ಮಾತ್ರ ತೀರ್ಮಾನವಾಗಿದೆ.

ಕಾಂಟ್ರಾಸ್ಟಿನ ಗ್ಯಾಡೋಲಿನಿಯಮ್ ಮತ್ತೆ ಮತ್ತೆ ಕೊಟ್ಟರೆ ಮಿದುಳಿನಲ್ಲೇ ಉಳಿಯಬಹುದೆಂದು 2014ರಲ್ಲಿ ಜಪಾನಿನಿಂದ ವರದಿ ಬಂತು. ಯುರೋಪು 2017ರಲ್ಲಿ ಹಲವು ಹಳೆಯ ಬಗೆಗಳಿಗೆ ಕಡಿವಾಣ ಹಾಕಿತು. ಹೀಗಾಗಿ ಕೆಲವರು ಸೂಜಿಯನ್ನೇ ಬಿಟ್ಟು, ರಕ್ತದ ನೀರನ್ನೇ ಕಾಂತೀಯವಾಗಿ ಗುರುತು ಮಾಡಿ ಅದು ಗೋಡೆ ದಾಟುವ ವೇಗ ಅಳೆಯುತ್ತಿದ್ದಾರೆ. ಆದರೆ ನೀರಿನ ಅಣು ತೀರಾ ಸಣ್ಣದು. ಸಂದು ಬಿಗಿಯಾಗಿದ್ದರೂ ಅದು ಕೋಶಪೊರೆಯ ಮೂಲಕವೇ ದಾಟುತ್ತದೆ, ಮುಂದೆ ನಾಳಗಳನ್ನು ಸುತ್ತುವರಿದ ಆಸ್ಟ್ರೊಸೈಟ್ ಎಂಬ ಮಿದುಳಿನ ಸಹಾಯಕ ಕೋಶಗಳಲ್ಲಿ ಅದಕ್ಕೆಂದೇ ಇರುವ ಪ್ರೋಟೀನ್ ದ್ವಾರಗಳೂ ಇವೆ. ಆದ್ದರಿಂದ ಒಬ್ಬರದೇ ಮಿದುಳನ್ನು ಎರಡೂ ವಿಧಾನಗಳಲ್ಲಿ ಅಳೆದರೆ ಅಂಕಿಗಳು ತಾಳೆಯಾಗಲೇಬೇಕೆಂದಿಲ್ಲ.