ಈ ವಿಷಯ ಯಾವ ಸಮಿತಿಗೆ ಹೋಗಬೇಕು?

ಒಂದು ನಗರದ ಅಂಚಿನಲ್ಲಿ ಹಳೇ ಟೈರುಗಳ ದೊಡ್ಡ ರಾಶಿ ಬಿದ್ದಿದೆ ಅಂದುಕೊಳ್ಳಿ. ಅದಕ್ಕೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳದವರು ಓಡಬೇಕು. ಹೊಗೆ ಎದ್ದರೆ ಅದು ಪರಿಸರದ ಪ್ರಶ್ನೆ. ಮಳೆನೀರು ನಿಂತು ಸೊಳ್ಳೆ ಹೆಚ್ಚಾದರೆ ಆರೋಗ್ಯ ವಿಭಾಗದ ಕೆಲಸ. ಜಾಗದ ಮಾಲೀಕರ ಹತ್ತಿರ ಪರವಾನಗಿ ಇಲ್ಲದಿದ್ದರೆ ಅದನ್ನು ನೋಡುವವರು ಬೇರೆ. ರಾಶಿ ಒಂದೇ. ಆದರೆ ಅದರ ಬಗ್ಗೆ ಬಂದ ದೂರು ನಗರಸಭೆಯ ಯಾವ ಸಮಿತಿಗೆ ಹೋಗುತ್ತದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಯಾವ ಅಧಿಕಾರಿ ಬಂದು ಉತ್ತರ ಕೊಡಬೇಕು, ಏನು ಪ್ರಶ್ನೆ ಕೇಳುತ್ತಾರೆ, ದುಡ್ಡು ಯಾವ ಲೆಕ್ಕದಿಂದ ಬರುತ್ತದೆ, ಎಲ್ಲವೂ ಅಲ್ಲಿಂದಲೇ ಶುರು.

ಸುದ್ದಿಯಾಗುವುದು ಪೂರ್ಣ ಸಭೆಯ ಮತದಾನ. ಅಷ್ಟು ಹೊತ್ತಿಗೆ ಮುಖ್ಯ ಕೆಲಸ ಮುಗಿದಿರುತ್ತದೆ. ಹೆಚ್ಚಿನ ನಗರಗಳಲ್ಲಿ ದಾರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದೂರು, ಅಧಿಕಾರಿಯ ವರದಿ ಅಥವಾ ಹೊಸ ನಿಯಮದ ಕರಡು ಮೊದಲು ಒಂದು ಸಮಿತಿಗೆ ಹೋಗುತ್ತದೆ. ಅಲ್ಲಿ ಕೆಲವೇ ಸದಸ್ಯರು ಕೂತು ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ, ಜನರ ಮಾತು ಕೇಳುತ್ತಾರೆ, ಕರಡು ತಿದ್ದುತ್ತಾರೆ. ಆಮೇಲೆ ಶಿಫಾರಸು ಮಾಡಿ ಪೂರ್ಣ ಸಭೆಗೆ ಕಳಿಸುತ್ತಾರೆ. ಕಳಿಸದೇ ಇರಲೂಬಹುದು. ಒಂದು ಒಳ್ಳೆಯ ನಿಯಮವನ್ನು ಸೋಲಿಸಲು ಅದರ ವಿರುದ್ಧ ಮತ ಹಾಕಲೇಬೇಕೆಂದಿಲ್ಲ. ಸುಮ್ನೆ ಮುಂದಿನ ಸಭೆಗೆ, ಅದರ ಮುಂದಿನ ಸಭೆಗೆ ಅಂತ ತಳ್ಳುತ್ತಾ ಹೋದರೆ ಸಾಕು.

ಸುರಕ್ಷತೆ ಒಂದು ಕಡೆ, ಪರಿಸರ ಇನ್ನೊಂದು ಕಡೆ ಅನ್ನುವ ವಿಂಗಡಣೆ ಹಳೆಯದೇನಲ್ಲ. ಮಧ್ಯಯುಗದ ಲಂಡನ್ನಿನಲ್ಲಿ ಎರಡೂ ಒಂದೇ ಆಗಿದ್ದವು. ಅಲ್ಲಿ ನೆರೆಹೊರೆಯ ಉಪದ್ರವಗಳನ್ನು ವಿಚಾರಿಸುವ ಒಂದು ನ್ಯಾಯಪೀಠ ಇತ್ತು. ಮೇಯರ್ ಮತ್ತು ಆಲ್ಡರ್‌ಮನ್‌ಗಳು, ಅಂದರೆ ನಗರಾಡಳಿತದ ಹಿರಿಯ ಸದಸ್ಯರು, ಅದನ್ನು ನಡೆಸುತ್ತಿದ್ದರು. ಅದರ 1301ರಿಂದ 1431ರವರೆಗಿನ ಕಡತಗಳು ಇವತ್ತಿಗೂ ಉಳಿದಿವೆ. ಪಕ್ಕದ ಮನೆಯ ಶೌಚದ ಗುಂಡಿ ಸೋರುವುದು, ಚರಂಡಿ ಕಟ್ಟಿಕೊಳ್ಳುವುದು, ಗೋಡೆ ಬೀಳುವಂತಿರುವುದು ಎಲ್ಲ ಅದೇ ಪೀಠದ ಮುಂದೆ ಬರುತ್ತಿದ್ದವು. ಪೀಠದವರು ಜಾಗಕ್ಕೇ ಹೋಗಿ ಕಣ್ಣಾರೆ ನೋಡುತ್ತಿದ್ದರು. ಅದಕ್ಕೂ ಮೊದಲು, 1212ರ ದೊಡ್ಡ ಬೆಂಕಿಯ ನಂತರ, ಹುಲ್ಲು ಮತ್ತು ಜೊಂಡಿನ ಸೂರು ಹೊದಿಸಬಾರದು ಅಂತ ಲಂಡನ್ ಕಟ್ಟಪ್ಪಣೆ ಮಾಡಿತ್ತು. ಕೊಳಕು, ಬೆಂಕಿ, ಕುಸಿತ ಮೂರನ್ನೂ ಅವರು ಒಂದೇ ಪ್ರಶ್ನೆಯಾಗಿ ನೋಡಿದರು: ಒಬ್ಬರು ಮಾಡಿದ್ದರಿಂದ ಪಕ್ಕದವರಿಗೆ ಅಪಾಯ ಇದೆಯಾ?

ಈಗಿನ ಸಮಿತಿ ಪದ್ಧತಿಗೆ ಗಟ್ಟಿ ರೂಪ ಬಂದದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ. 1835ರ ನಗರಸಭೆ ಕಾಯ್ದೆ 178 ಪಟ್ಟಣಗಳಲ್ಲಿ ಚುನಾಯಿತ ಸಭೆಗಳನ್ನು ತಂದಿತು. ಪ್ರತಿ ಸಭೆಯೂ ಒಂದು ‘ಕಾವಲು ಸಮಿತಿ’ ರಚಿಸಲೇಬೇಕು, ಆ ಸಮಿತಿ ಪೊಲೀಸರನ್ನು ನೇಮಿಸಬೇಕು ಅಂತ ಆ ಕಾಯ್ದೆ ಹೇಳಿತು. ಎಷ್ಟೋ ಪಟ್ಟಣಗಳಲ್ಲಿ ಬೆಂಕಿ ಆರಿಸುವ ಕೆಲಸವನ್ನೂ ಪೊಲೀಸರೇ ಮಾಡುತ್ತಿದ್ದರು. ಹಾಗಾಗಿ ಅದೂ ಇದೇ ಸಮಿತಿಯ ಕೈಗೆ ಬಂತು. ಆದರೆ ಜನ ಸಾಯುತ್ತಿದ್ದದ್ದು ಕಳ್ಳಕಾಕರಿಂದಲ್ಲ. ಟೈಫಸ್ ಜ್ವರದಿಂದ, ಕಾಲರಾದಿಂದ. ಅದಕ್ಕೆ ಇನ್ನೊಂದು ಸಮಿತಿ ಬೇಕಾಯಿತು.

ಲಿವರ್‌ಪೂಲ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಬಂದರು ನಗರದಲ್ಲಿ ಸಾವಿರಾರು ಬಡವರು ನೆಲಮಾಳಿಗೆಗಳಲ್ಲಿ ಬದುಕುತ್ತಿದ್ದರು. ಗಾಳಿ ಇಲ್ಲ, ಬೆಳಕಿಲ್ಲ, ಗೋಡೆಯಿಂದ ಕೊಳಚೆ ನೀರು ಜಿನುಗುತ್ತಿತ್ತು. ನಗರಸಭೆ 1846ರಲ್ಲಿ ಸಂಸತ್ತಿನಿಂದ ತನ್ನದೇ ಒಂದು ನೈರ್ಮಲ್ಯ ಕಾಯ್ದೆ ಮಾಡಿಸಿಕೊಂಡಿತು. ಅದರ ಬಲದ ಮೇಲೆ ಮೂವರು ಕೆಲಸಕ್ಕೆ ನಿಂತರು. ವಿಲಿಯಂ ಹೆನ್ರಿ ಡಂಕನ್ ಎಂಬ ವೈದ್ಯರು 1847ರಲ್ಲಿ ನಗರದ ಆರೋಗ್ಯಾಧಿಕಾರಿಯಾದರು. ಇಡೀ ಬ್ರಿಟನ್ನಿನಲ್ಲಿ ಆ ಹುದ್ದೆಗೆ ಬಂದ ಮೊದಲಿಗರು ಅವರೇ. ಜೇಮ್ಸ್ ನ್ಯೂಲ್ಯಾಂಡ್ಸ್ ಎಂಜಿನಿಯರ್ ಆಗಿ ಬಂದರು. ಥಾಮಸ್ ಫ್ರೆಶ್ ಎಂಬವರು ಬೀದಿ ಬೀದಿ ಸುತ್ತಿ ಉಪದ್ರವಗಳನ್ನು ಪತ್ತೆ ಮಾಡುವ ಇನ್ಸ್‌ಪೆಕ್ಟರ್.

ಇವರಿಂದ ಏನು ಬದಲಾಯಿತು? ಅಲ್ಲಿಯವರೆಗೆ ಸಮಿತಿಯಲ್ಲಿ ಕೂತವರ ಹತ್ತಿರ ಇದ್ದದ್ದು ಅಭಿಪ್ರಾಯ ಮಾತ್ರ. ಈಗ ಯಾವ ಬೀದಿಯಲ್ಲಿ ಎಷ್ಟು ಜನ ಸತ್ತರು ಅಂತ ವೈದ್ಯರು ಲೆಕ್ಕ ಕೊಡುತ್ತಿದ್ದರು. ಆ ಬೀದಿಯ ಕೆಳಗೆ ಒಳಚರಂಡಿ ಇದೆಯೋ ಇಲ್ಲವೋ ಅಂತ ಎಂಜಿನಿಯರ್ ಹೇಳುತ್ತಿದ್ದರು. ಎರಡೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಬಂದಾಗ ಅದನ್ನು ತಳ್ಳಿಹಾಕುವುದು ಕಷ್ಟ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಡಂಕನ್ ನಂಬಿದ್ದರು. ಆ ಕಾಲದ ಎಷ್ಟೋ ವೈದ್ಯರ ನಂಬಿಕೆಯೂ ಅದೇ. ಸಿದ್ಧಾಂತ ತಪ್ಪು. ಆದರೆ ಕೊಳಚೆ ತೆಗೆಯಿರಿ, ಗಾಳಿ ಬೆಳಕು ಕೊಡಿ ಅನ್ನುವ ಮದ್ದು ಸರಿ ಇತ್ತು. ನೆಲಮಾಳಿಗೆಗಳನ್ನು ಖಾಲಿ ಮಾಡಿಸಿದ್ದರಲ್ಲಿ ಒಂದು ನೋವೂ ಇದೆ. ಹೊರಗೆ ಬಂದವರಿಗೆ ಬೇರೆ ಮನೆ ಎಲ್ಲಿ? ಆರೋಗ್ಯ ನೋಡುವವರ ಕೈಯಲ್ಲಿ ಮನೆ ಕಟ್ಟುವ ಕೆಲಸ ಇರಲಿಲ್ಲ. ಲಿವರ್‌ಪೂಲ್ ನಗರಸಭೆ ತಾನೇ ಮನೆಗಳನ್ನು ಕಟ್ಟಿಸಿದ್ದು 1869ರಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ಸಮಿತಿಗಳು ಕೆಟ್ಟು ಹೋದ ಕಡೆ ಅಧಿಕಾರವನ್ನೇ ಕಿತ್ತುಕೊಂಡ ಉದಾಹರಣೆಗಳೂ ಇವೆ. ನ್ಯೂಯಾರ್ಕ್‌ನಲ್ಲಿ ನೈರ್ಮಲ್ಯ ನೋಡಬೇಕಾದ ಕೆಲಸಗಾರರು ರಾಜಕೀಯ ನಂಟಿನಿಂದ ಕೆಲಸ ಪಡೆದವರಾಗಿದ್ದರು. ಕೊನೆಗೆ 1866ರಲ್ಲಿ ರಾಜ್ಯ ಶಾಸಕಾಂಗ ಆ ಹೊಣೆಯನ್ನು ನಗರದಿಂದ ತೆಗೆದು, ವೈದ್ಯರೂ ಇರುವ ಒಂದು ಆರೋಗ್ಯ ಮಂಡಳಿಗೆ ಕೊಟ್ಟಿತು. ಅದೇ ವರ್ಷ ಕಾಲರಾ ಬಂತು. ಹಿಂದಿನ ಸಲಗಳಿಗಿಂತ ಸಾವು ಕಡಿಮೆಯಾಯಿತು. ತಜ್ಞರಿಗೇ ಎಲ್ಲ ಬಿಟ್ಟುಕೊಡೋಣ ಅನ್ನುವ ವಾದಕ್ಕೆ ಅಂದಿನಿಂದ ಬಲ ಬಂತು.

ವಿಪತ್ತುಗಳು ಈ ವಾದವನ್ನು ಇನ್ನಷ್ಟು ಮುಂದೆ ಒಯ್ದವು. 1900ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ನಗರವನ್ನು ಚಂಡಮಾರುತ ನುಂಗಿತು. ಸಾವಿರಾರು ಜನ ಸತ್ತರು. ಮರುವರ್ಷ ಆ ನಗರ ಹಳೆಯ ಸಭೆಯನ್ನು ಬಿಟ್ಟು, ಕೆಲವೇ ಕಮಿಷನರ್‌ಗಳ ಆಡಳಿತಕ್ಕೆ ಬದಲಾಯಿತು. ಒಬ್ಬೊಬ್ಬರಿಗೆ ಒಂದೊಂದು ಇಲಾಖೆ. ಕೆಲಸ ಬೇಗ ಆಗುತ್ತಿತ್ತು. ಆದರೆ ತಮ್ಮ ಇಲಾಖೆಯನ್ನು ತಾವೇ ನಡೆಸುವವರು ಪಕ್ಕದವರ ಇಲಾಖೆಯನ್ನು ಯಾಕೆ ಪ್ರಶ್ನಿಸುತ್ತಾರೆ? 1913ರ ಪ್ರವಾಹದ ನಂತರ ಒಹಾಯೊದ ಡೇಟನ್ ನಗರ ಇನ್ನೊಂದು ದಾರಿ ಹಿಡಿಯಿತು. ಚುನಾಯಿತರು ನೀತಿ ಮಾಡಬೇಕು, ಅವರು ನೇಮಿಸಿದ ಮ್ಯಾನೇಜರ್ ಆಡಳಿತ ನಡೆಸಬೇಕು. ಅಮೆರಿಕದ ಸಾಕಷ್ಟು ನಗರಗಳು ಇವತ್ತಿಗೂ ಹೀಗೇ ನಡೆಯುತ್ತವೆ.

ಹೊಗೆಯ ಕಥೆ ನನಗೆ ಇವೆಲ್ಲಕ್ಕಿಂತ ಹೆಚ್ಚು ಕಲಿಸಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜನ ಅಗ್ಗದ ಮೆದು ಕಲ್ಲಿದ್ದಲು ಉರಿಸುತ್ತಿದ್ದರು. ಅದು ಪಕ್ಕದ ಇಲಿನಾಯ್‌ನಿಂದ ಬರುತ್ತಿತ್ತು. ದಟ್ಟ ಹೊಗೆ ಬಿಡಬಾರದು ಅಂತ ನಗರ 1893ರಲ್ಲೇ ನಿಯಮ ಮಾಡಿತು. ನಾಲ್ಕು ವರ್ಷದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇಷ್ಟು ದೊಡ್ಡ ನಿಷೇಧ ಹೇರುವ ಅಧಿಕಾರ ನಗರಕ್ಕಿಲ್ಲ ಅಂದಿತು. ನಗರದ ಸಮಿತಿ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಮೇಲಿನ ಸರ್ಕಾರ ಅಧಿಕಾರ ಕೊಡದಿದ್ದರೆ ಠರಾವು ಬರೀ ಕಾಗದ. ಈ ಪೆಟ್ಟು ಅಲ್ಲಿಂದ ಇಲ್ಲಿಯವರೆಗೂ ಎಷ್ಟೋ ನಗರಗಳಿಗೆ ಬಿದ್ದಿದೆ.

ಆಮೇಲೆ ದಶಕಗಳ ಕಾಲ ಚರ್ಚೆ ಸುತ್ತುತ್ತಲೇ ಇತ್ತು. 1939ರ ನವೆಂಬರ್ 28ರಂದು ಹಗಲಲ್ಲೇ ಬೀದಿದೀಪ ಹಚ್ಚಬೇಕಾಯಿತು. ಜನ ಆ ದಿನವನ್ನು ಕರಾಳ ಮಂಗಳವಾರ ಅಂತ ಕರೆದರು. ಮೇಯರ್ ಒಂದು ಸಮಿತಿ ಮಾಡಿದರು. ನಗರದ ಹೊಗೆ ಅಧಿಕಾರಿ ರೇಮಂಡ್ ಟಕ್ಕರ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಹೇಳಿದ್ದ ಪ್ರೊಫೆಸರ್. ಚಿಮಣಿಯಿಂದ ಏನು ಬರುತ್ತದೆ ಅಂತ ನೋಡುತ್ತಾ ಕೂತರೆ ಆಗುವುದಿಲ್ಲ, ಒಲೆಗೆ ಏನು ಹೋಗುತ್ತದೆ ಅನ್ನುವುದನ್ನೇ ನಿಯಂತ್ರಿಸಬೇಕು ಅನ್ನುವುದು ಅಲ್ಲಿ ಮುಖ್ಯ ಮಾತಾಯಿತು. 1940ರ ಏಪ್ರಿಲ್‌ನಲ್ಲಿ ನಿಯಮ ಪಾಸಾಯಿತು. ಹೊಗೆ ಕಡಿಮೆ ಬರುವ ಇಂಧನ ಬಳಸಿ, ಇಲ್ಲದಿದ್ದರೆ ಕಲ್ಲಿದ್ದಲನ್ನು ಸರಿಯಾಗಿ ಉರಿಸುವ ಯಂತ್ರ ಹಾಕಿಸಿ ಅಂದಿತು. ಮುಂದಿನ ಚಳಿಗಾಲದಲ್ಲೇ ಆಕಾಶ ತಿಳಿಯಾದದ್ದು ಜನರ ಕಣ್ಣಿಗೆ ಬಿತ್ತು. ಪಿಟ್ಸ್‌ಬರ್ಗ್ 1941ರಲ್ಲಿ ಇದೇ ದಾರಿ ಹಿಡಿಯಿತು. ಆದರೆ ಯುದ್ಧದಿಂದಾಗಿ ಜಾರಿ ತಡವಾಯಿತು. ಟಕ್ಕರ್ ಮುಂದೆ ಸೇಂಟ್ ಲೂಯಿಸ್‌ನ ಮೇಯರ್ ಕೂಡ ಆದರು.

ಲಂಡನ್ ಇಷ್ಟು ಬೇಗ ಎಚ್ಚೆತ್ತುಕೊಳ್ಳಲಿಲ್ಲ. 1952ರ ಡಿಸೆಂಬರ್‌ನಲ್ಲಿ ಐದು ದಿನ ಕವಿದ ಹೊಗೆ ಮಂಜಿಗೆ ಸುಮಾರು 4,000 ಜನ ಬಲಿಯಾದರು ಅಂತ ಆಗಿನ ಲೆಕ್ಕ. ಸಂಖ್ಯೆ ಇನ್ನೂ ತುಂಬಾ ಜಾಸ್ತಿ ಇರಬಹುದು ಅಂತ ನಂತರದ ಅಧ್ಯಯನಗಳು ಹೇಳಿವೆ. 1956ರ ಶುದ್ಧ ಗಾಳಿ ಕಾಯ್ದೆ ಸ್ಥಳೀಯ ಸಭೆಗಳಿಗೆ ಹೊಗೆ ನಿಯಂತ್ರಣ ಪ್ರದೇಶಗಳನ್ನು ಘೋಷಿಸುವ ಅಧಿಕಾರ ಕೊಟ್ಟಿತು. ಆಮೇಲಿನ ಕೆಲಸ ನಡೆದದ್ದು ಸಮಿತಿಗಳಲ್ಲಿ. ಯಾವ ಬೀದಿಗಳು ಮೊದಲು, ಒಲೆ ಬದಲಿಸಲು ಯಾರಿಗೆ ಎಷ್ಟು ನೆರವು, ಯಾರು ಹೋಗಿ ಪರೀಕ್ಷಿಸಬೇಕು. ಈ ನಡಾವಳಿಗಳನ್ನು ಓದಲು ಯಾರಿಗೂ ಖುಷಿ ಆಗಲಿಕ್ಕಿಲ್ಲ. ಆದರೆ ಲಂಡನ್ನಿನ ಆಕಾಶ ತಿಳಿಯಾದದ್ದರಲ್ಲಿ ಇವುಗಳ ಪಾಲು ದೊಡ್ಡದು.

ಸಭೆಯ ಬಾಗಿಲು ತೆರೆದದ್ದೂ ಇದೇ ಕಾಲದಲ್ಲಿ. ಕ್ಯಾಲಿಫೋರ್ನಿಯ 1953ರಲ್ಲಿ, ಸ್ಥಳೀಯ ಸಭೆಗಳನ್ನು ಜನರಿಗೆ ತೆರೆದಿಡುವ ಬ್ರೌನ್ ಕಾಯ್ದೆ ತಂದಿತು. ಅಲ್ಲಿ ಈಗ ಸ್ಥಾಯಿ ಸಮಿತಿಗಳ ಸಭೆಗೂ ಜನ ಬರಬಹುದು, ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಬೇಕು. ಇಂಗ್ಲೆಂಡಿನಲ್ಲಿ 1960ರಲ್ಲಿ ಹೊಸ ಸಂಸದೆ ಮಾರ್ಗರೆಟ್ ಥ್ಯಾಚರ್ ತಂದ ಮಸೂದೆಯಿಂದ ಸಭೆಗಳಿಗೆ ಪತ್ರಕರ್ತರೂ ಜನರೂ ಹೋಗುವ ಹಕ್ಕು ಬಲವಾಯಿತು. ಮುಂದೆ ಸಮಿತಿಗಳ ಸಭೆಗಳೂ ಹಿನ್ನೆಲೆ ಕಾಗದಗಳೂ ಜನರಿಗೆ ಸಿಗುವಂತಾದವು.

ಇಷ್ಟೆಲ್ಲ ಆದಮೇಲೂ ದುರಂತಗಳು ನಿಲ್ಲಲಿಲ್ಲ. ಮಿಷಿಗನ್‌ನ ಫ್ಲಿಂಟ್ ನಗರದಲ್ಲಿ ಕುಡಿಯುವ ನೀರಿನ ವಿಷಯ ಹಣಕಾಸಿನ ವಿಷಯವಾಗಿಬಿಟ್ಟಿತು. ನಗರ ಸಾಲದಲ್ಲಿ ಮುಳುಗಿತ್ತು. ರಾಜ್ಯ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಯಲ್ಲಿ ಅಧಿಕಾರ ಇತ್ತು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ನೀರಿನ ಮೂಲವನ್ನು ಡೆಟ್ರಾಯಿಟ್ ನಗರದ ಪೂರೈಕೆಯಿಂದ ಫ್ಲಿಂಟ್ ನದಿಗೆ ಬದಲಿಸಿದರು. ಪೈಪು ಸವೆಯದಂತೆ ತಡೆಯುವ ರಾಸಾಯನಿಕ ಸೇರಿಸಲಿಲ್ಲ. ಸೀಸ ಕುಡಿಯುವ ನೀರಿಗೆ ಇಳಿಯಿತು. ಜನ ಕಂದು ನೀರಿನ ಬಾಟಲಿ ಹಿಡಿದು ಸಭೆಗಳಿಗೆ ಬಂದರು. 2015ರ ಮಾರ್ಚ್‌ನಲ್ಲಿ ನಗರಸಭೆ ಡೆಟ್ರಾಯಿಟ್ ನೀರಿಗೆ ಮರಳಬೇಕು ಅಂತ 7-1 ಮತದಿಂದ ಹೇಳಿತು. ಆಡಳಿತಾಧಿಕಾರಿ ಒಪ್ಪಲಿಲ್ಲ. ಮರಳಿದ್ದು ಅಕ್ಟೋಬರ್‌ನಲ್ಲಿ. ನಡುವಿನ ಆ ತಿಂಗಳುಗಳಲ್ಲೂ ಮಕ್ಕಳು ಆ ನೀರನ್ನೇ ಕುಡಿದರು. ತಜ್ಞರಿಗೆ ಬಿಟ್ಟುಬಿಡಿ ಅನ್ನುವವರು ಫ್ಲಿಂಟ್‌ನ್ನು ಮರೆಯಬಾರದು. ಅಲ್ಲಿ ಇದ್ದ ಪರಿಣತಿ ಲೆಕ್ಕದ್ದು, ನೀರಿನದ್ದಲ್ಲ. ಚುನಾಯಿತರು ಸರಿಯಾದ ಪ್ರಶ್ನೆ ಕೇಳಿದಾಗ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡದ ಬೆಂಕಿ ದುರಂತದಲ್ಲಿ ವ್ಯವಸ್ಥೆಯ ಬಿರುಕು ಬೇರೆ ಕಡೆ ಇತ್ತು. ಕಟ್ಟಡದ ನವೀಕರಣಕ್ಕೆ ಇದ್ದ ಕಾರಣಗಳಲ್ಲಿ ಮನೆಗಳನ್ನು ಬೆಚ್ಚಗೆ ಇಡುವುದೂ ಒಂದು. ಒಳ್ಳೆಯ ಉದ್ದೇಶವೇ. ಯೋಜನಾ ಅನುಮತಿಯ ಹಂತದಲ್ಲಿ ಹೊರಹೊದಿಕೆಯ ಬಣ್ಣ, ನೋಟದ ಬಗ್ಗೆ ಮಾತುಕತೆ ಆಯಿತು. ಸತುವಿನ ಹೊದಿಕೆಯ ಬದಲು ಅಗ್ಗದ ಅಲ್ಯೂಮಿನಿಯಂ ಹಾಳೆ ಬಂತು. ಸುಮಾರು 3 ಲಕ್ಷ ಪೌಂಡ್ ಉಳಿಯಿತು. ಆ ಹಾಳೆಯ ನಡುವಿನ ಪದರ ಸುಲಭವಾಗಿ ಉರಿಯುವ ಪ್ಲಾಸ್ಟಿಕ್. ಬೆಂಕಿಯ ಪ್ರಶ್ನೆ ಕಟ್ಟಡ ನಿಯಂತ್ರಣ ವಿಭಾಗಕ್ಕೆ ಸೇರಿದ್ದು. ಆ ವಿಭಾಗ ತನ್ನ ಕರ್ತವ್ಯದಲ್ಲಿ ಸೋತಿತು ಅಂತ 2024ರ ತನಿಖಾ ವರದಿ ಹೇಳಿತು. 2017ರ ಜೂನ್ 14ರ ಬೆಂಕಿಯಲ್ಲಿ 72 ಜನ ಸತ್ತರು. ನೋಟ ಒಬ್ಬರದು, ಖರ್ಚು ಇನ್ನೊಬ್ಬರದು, ಬೆಂಕಿ ಮತ್ತೊಬ್ಬರದು. ಮೂರೂ ಒಂದೇ ಗೋಡೆಯ ಮೇಲಿದ್ದವು.

2021ರ ಆಗಸ್ಟ್‌ನಿಂದ ಇಂಗ್ಲೆಂಡಿನಲ್ಲಿ 18 ಮೀಟರ್ ಇಲ್ಲವೇ ಏಳು ಮಹಡಿ, ಅಥವಾ ಅದಕ್ಕಿಂತ ಹೆಚ್ಚು ಎತ್ತರ ಇರುವ ವಸತಿ ಕಟ್ಟಡಗಳಿಗೆ ಯೋಜನಾ ಅನುಮತಿ ಕೇಳುವಾಗಲೇ ಬೆಂಕಿ ಸುರಕ್ಷತೆಯ ವಿವರ ಕೊಡಬೇಕು. ಅಂದರೆ ನೋಟದ ಬಗ್ಗೆ ತೀರ್ಮಾನಿಸುವವರ ಮುಂದೆ ಈಗ ಬೆಂಕಿಯ ಕಾಗದವೂ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ತಿದ್ದುಪಡಿ. ಎರಡು ಸಮಿತಿಗಳನ್ನು ಸೇರಿಸಲೇಬೇಕು ಅಂತಿಲ್ಲ. ಒಂದೇ ಅಪಾಯದ ಎಲ್ಲ ಕಾಗದಗಳೂ, ನಿಲ್ಲಿಸುವ ಅಧಿಕಾರ ಇರುವವರ ಮುಂದೆ, ನಿಲ್ಲಿಸಲು ಇನ್ನೂ ಸಮಯ ಇರುವಾಗ ಬರಬೇಕು.

ಈಗ ಹೀಗೆ ಹಲವು ವಿಭಾಗಗಳ ನಡುವೆ ನಿಂತಿರುವುದು ಬ್ಯಾಟರಿ. ಎಲೆಕ್ಟ್ರಿಕ್ ಸೈಕಲ್ ಗಾಳಿಗೆ ಒಳ್ಳೆಯದು. ಅದರ ಕಳಪೆ ಲಿಥಿಯಂ ಬ್ಯಾಟರಿ ಮನೆಯೊಳಗೆ ಹೊತ್ತಿಕೊಂಡರೆ ಓಡಲೂ ಸಮಯ ಸಿಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥ ಬೆಂಕಿಗಳಿಗೆ 18 ಜನ ಬಲಿಯಾದರು. ಅದೇ ವರ್ಷ ನಗರಸಭೆ, ಸುರಕ್ಷತಾ ಪ್ರಮಾಣಪತ್ರ ಇಲ್ಲದ ಬ್ಯಾಟರಿ ಮತ್ತು ಸೈಕಲ್‌ಗಳನ್ನು ಮಾರಬಾರದು ಅಂತ ನಿಯಮ ಮಾಡಿತು. ಆದರೆ ಈ ಸೈಕಲ್‌ಗಳನ್ನು ನಂಬಿ ಬದುಕುವವರಲ್ಲಿ ಊಟ ತಲುಪಿಸುವ ಕೆಲಸಗಾರರು ಬಹಳ. ಪ್ರಮಾಣಪತ್ರ ಇರುವ ಬ್ಯಾಟರಿ ದುಬಾರಿ. ಹಳೆಯದನ್ನು ಎಲ್ಲಿ ಎಸೆಯಬೇಕು ಅನ್ನುವುದೂ ಪ್ರಶ್ನೆ. ಹಾಗಾಗಿ ಸಾರಿಗೆ, ಅಗ್ನಿಶಾಮಕ, ಕಾರ್ಮಿಕ, ಕಸ ವಿಲೇವಾರಿ ನಾಲ್ಕೂ ವಿಭಾಗದವರು ಇದರ ಬಗ್ಗೆ ಒಟ್ಟಿಗೆ ಉತ್ತರ ಕೊಡಬೇಕು. ಮುಂದಿನ ಸಲ ಒಂದು ನಗರಸಭೆಯ ಅಜೆಂಡಾದಲ್ಲಿ ಬ್ಯಾಟರಿ ಅನ್ನುವ ಪದ ಕಂಡರೆ, ಅದನ್ನು ಯಾವ ಸಮಿತಿಗೆ ಕಳಿಸಿದ್ದಾರೆ, ಆ ದಿನ ಅಗ್ನಿಶಾಮಕ ಅಧಿಕಾರಿಯನ್ನು ಕರೆದಿದ್ದಾರಾ ಅಂತ ನೋಡಿ. ಕರೆದಿಲ್ಲದಿದ್ದರೆ ಸಭೆಗೆ ಮುಂಚೆಯೇ ಕೇಳಿ.