ಗಿರಾಕಿ ಇಲ್ಲದ ಹೊತ್ತಲ್ಲಿ ಕೆಡುವ ಎಣ್ಣೆ

ಮದ್ದೂರಿನ ಒಂದು ವಡೆ ಅಡುಗೆಮನೆಯಲ್ಲಿ ಈಚೆಗೆ ಅರ್ಧ ದಿನ ಕೂತಿದ್ದೆ. ವಡೆ ತಟ್ಟುವ ಕೈಚಳಕ ನೋಡಲು ಹೋದವನು ಬಾಣಲೆಯನ್ನೇ ನೋಡುತ್ತಾ ಉಳಿದುಬಿಟ್ಟೆ.

ಎಣ್ಣೆಯ ಪಾಲಿಗೆ ಮದ್ದೂರು ವಡೆ ಸಾಧು ತಿಂಡಿಯಲ್ಲ. ಅಕ್ಕಿ ಹಿಟ್ಟು, ರವೆ, ಮೈದಾ ಸೇರಿಸಿ ಕಲಸಿದ ಗಟ್ಟಿ ಹಿಟ್ಟು. ಎಣ್ಣೆಗೆ ಬಿಟ್ಟ ಕೂಡಲೇ ಅಂಚಿನಿಂದ ಪುಡಿ ಉದುರುತ್ತದೆ, ಈರುಳ್ಳಿ ಎಸಳು ಕಳಚಿಕೊಳ್ಳುತ್ತದೆ, ಕರಿಬೇವು ಬೇರೆಯಾಗಿ ತೇಲುತ್ತದೆ. ಮುಂದಿನ ಒಬ್ಬೆ ಬೀಳುವಷ್ಟರಲ್ಲಿ ಅವೆಲ್ಲ ಕರಕಲು. ಭಟ್ಟರು ಪ್ರತಿ ಒಬ್ಬೆ ತೆಗೆದ ಮೇಲೂ ಸಣ್ಣ ಕಣ್ಣಿನ ಜಾಲರಿಯನ್ನು ಬಾಣಲೆ ತುಂಬ ಒಂದು ಸುತ್ತು ಆಡಿಸಿ, ಆ ಚೂರನ್ನೆಲ್ಲ ಎತ್ತಿ ಡಬ್ಬಕ್ಕೆ ಕೊಡವುತ್ತಿದ್ದರು. ಮಧ್ಯಾಹ್ನ ಜನ ಕಡಿಮೆಯಾಯಿತು. ತಕ್ಷಣ ಒಲೆ ಆರಿಸಿದರು. "ಗ್ಯಾಸ್ ಉಳಿಸೋಕಾ?" ಅಂದೆ. "ಗ್ಯಾಸ್ ಇರ್ಲಿ ಸಾರ್, ಸುಮ್ನೆ ಕಾದ್ರೆ ಎಣ್ಣೆ ಕೆಟ್ಟೋಗುತ್ತೆ" ಅಂದರು.

ಈ ಮಾತಿನ ಹಿಂದೆ ಒಳ್ಳೆಯ ರಸಾಯನಶಾಸ್ತ್ರ ಇದೆ.

ಎಣ್ಣೆಯ ಒಂದೊಂದು ಅಣುವಿಗೂ ಮೂರು ಬಾಲ. ಆ ಬಾಲಗಳೇ ಕೊಬ್ಬಿನಾಮ್ಲಗಳು, ಮೂರನ್ನೂ ಹಿಡಿದಿರುವ ಗಂಟು ಗ್ಲಿಸರಾಲ್. ಈರುಳ್ಳಿಯ, ಹಿಟ್ಟಿನ ನೀರು ಬಿಸಿಯಲ್ಲಿ ಈ ಬಾಲಗಳನ್ನು ಕತ್ತರಿಸುತ್ತದೆ. ಹಾಗೆ ಬಿಡಿಯಾದ ಆಮ್ಲ ಹೆಚ್ಚಿದಷ್ಟೂ ಎಣ್ಣೆ ಕಡಿಮೆ ಬಿಸಿಗೇ ಹೊಗೆ ಬಿಡುತ್ತದೆ. ಗಾಳಿಯ ಆಮ್ಲಜನಕದ ಕಾಟ ಇನ್ನೂ ಕೆಟ್ಟದ್ದು. ಅದು ಬಾಲಗಳ ಮೇಲೇ ಎರಗುತ್ತದೆ. ಕೆಲವು ತುಂಡಾಗಿ ಕಮಟು ವಾಸನೆ ಕೊಡುತ್ತವೆ. ಉಳಿದವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದೊಡ್ಡ ದೊಡ್ಡ ಅಣುಗಳಾಗುತ್ತವೆ. ಹಳೆ ಬಾಣಲೆಯ ಅಂಚಿನಲ್ಲಿ ಕಂದು ಬಣ್ಣದ ಅಂಟು ಕೂತಿರುತ್ತದಲ್ಲ, ಉಗುರಿನಲ್ಲಿ ಕೆರೆದರೂ ಬಿಡದ್ದು? ಅದು ಇದೇ. ಅದೇ ಜಾತಿಯ ಅಣುಗಳು ಎಣ್ಣೆಯೊಳಗೂ ಇರುತ್ತವೆ. ಎಣ್ಣೆ ಮಂದವಾಗಿ, ನೊರೆ ಒಡೆಯದೆ ನಿಲ್ಲುವುದು ಆಗಲೇ. ಮಂದ ಎಣ್ಣೆ ವಡೆಯಿಂದ ಬೇಗ ಸೋರಿಹೋಗುವುದೂ ಇಲ್ಲ. ಪೇಪರ್ ನೆನೆದು ತೊಪ್ಪೆಯಾಗುವ ಬಜ್ಜಿ ಸಿಕ್ಕರೆ ಕಾರಣ ಇದೂ ಇರಬಹುದು.

ಈಗ ಭಟ್ಟರ ಮಾತಿಗೆ ಬರೋಣ. ವಡೆ ಕರಿಯುವಾಗ ಎದ್ದುಬರುವ ಗುಳ್ಳೆಗಳೆಲ್ಲ ನೀರಾವಿ. ಆ ಆವಿ ಎಣ್ಣೆಯ ಮೇಲೆ ಹೊದಿಕೆಯಂತೆ ಹರಡಿ ಗಾಳಿಯನ್ನು ಸ್ವಲ್ಪ ಆಚೆ ತಳ್ಳುತ್ತದೆ. ಅಂದರೆ ಒಂದು ಕಡೆ ಹಾಳು ಮಾಡುವ ನೀರೇ ಇನ್ನೊಂದು ಕಡೆ ಕಾವಲು. ಗಿರಾಕಿ ಇಲ್ಲದಾಗ ಆ ಹೊದಿಕೆ ಇಲ್ಲ. 180 ಡಿಗ್ರಿಯ ಎಣ್ಣೆ ಗಾಳಿಗೆ ಬರಿಮೈ ಒಡ್ಡಿ ನಿಂತಿರುತ್ತದೆ. ಬಿಡುವಿನಲ್ಲಿ ಉರಿ ಆರಿಸುವುದು, ರಾತ್ರಿ ಸೋಸಿ ಮುಚ್ಚಿಡುವುದು, ಬೆಳಕಿಗೆ ಇಡದಿರುವುದು ಎಲ್ಲವೂ ಇದಕ್ಕೇ. ಕಬ್ಬಿಣ, ತಾಮ್ರ ತಾಗಿದರೆ ಆಮ್ಲಜನಕದ ಈ ಕಾಟ ಇನ್ನೂ ಚುರುಕು. ಹಾಗಾಗಿಯೇ ದೊಡ್ಡ ಕ್ಯಾಂಟೀನುಗಳ ಫ್ರೈಯರ್ ಸ್ಟೀಲಿನದು. ಅಂಥ ಕೆಲವು ಫ್ರೈಯರ್‌ಗಳಲ್ಲಿ ಉರಿಯ ಕೊಳವೆ ತಳಕ್ಕಿಂತ ಮೇಲಿರುತ್ತದೆ. ಉದುರಿದ ಚೂರು ಕೆಳಗಿನ ತಂಪು ಎಣ್ಣೆಗೆ ಇಳಿಯುತ್ತದೆ, ಕರಕಲಾಗುವುದು ತಡವಾಗುತ್ತದೆ. ಬಾಣಲೆಗೆ ಆ ಭಾಗ್ಯ ಇಲ್ಲ, ಅಲ್ಲಿ ಬೆಂಕಿ ಇರುವುದೇ ತಳದಲ್ಲಿ.

ಇನ್ನು ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುವ ವಿಚಾರ. ವ್ಯಾಪಾರ ಜೋರಾಗಿರುವ ಅಂಗಡಿಯಲ್ಲಿ ತಿಂಡಿಯೇ ಎಣ್ಣೆಯನ್ನು ಹೀರಿಕೊಂಡು ಹೋಗುತ್ತದೆ, ಹೊಸದು ಬೀಳುತ್ತಲೇ ಇರುತ್ತದೆ. ಅಲ್ಲಿನ ಎಣ್ಣೆ ಜನರಿಲ್ಲದ ಅಂಗಡಿಯದಕ್ಕಿಂತ ಚೆನ್ನಾಗಿರುವ ಸಾಧ್ಯತೆಯೇ ಜಾಸ್ತಿ. ವ್ಯಾಪಾರ ಮಂದವಿದ್ದಲ್ಲಿ ಕೆಟ್ಟ ಎಣ್ಣೆಗೆ ಹೊಸ ಎಣ್ಣೆ ಸುರಿಯುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಳೆಯದರಲ್ಲಿ ಆಗಲೇ ಶುರುವಾಗಿರುವ ಸರಣಿ ಕ್ರಿಯೆ ಹೊಸದಕ್ಕೂ ಹಬ್ಬುತ್ತದೆ.

ಹಾಗಾದರೆ ಸೋಸಿದರೆ ಸಾಲದೇ? ಬಟ್ಟೆಯಲ್ಲಿ ಸೋಸಿದರೆ ಚೂರು, ಗಸಿ ಹೋಗುತ್ತವೆ. ಅದು ಸಣ್ಣ ಲಾಭವಲ್ಲ, ಚೂರು ಸುಟ್ಟಷ್ಟೂ ಎಣ್ಣೆಗೆ ಕಹಿ, ಕಪ್ಪು. ಆದರೆ ಕರಗಿ ಸೇರಿಕೊಂಡ ಆಮ್ಲ, ಆಕ್ಸಿಜನ್ ಅಂಟಿದ ಅಣುಗಳು ಬಟ್ಟೆಯ ಎಳೆಗಳ ನಡುವೆ ಆರಾಮಾಗಿ ದಾಟುತ್ತವೆ. ಮೆಗ್ನೀಷಿಯಂ ಸಿಲಿಕೇಟ್ ಎಂಬ ಬಿಳಿ ಪುಡಿ ಬಿಡಿ ಆಮ್ಲವನ್ನು ಒಂದಿಷ್ಟು ಹಿಡಿದುಕೊಳ್ಳುತ್ತದೆ, ಬಣ್ಣವನ್ನೂ ತಿಳಿಯಾಗಿಸುತ್ತದೆ. ನನಗೆ ಅನುಮಾನ ಇರುವುದು ಈ ತಿಳಿ ಬಣ್ಣದ ಮೇಲೇ. ಹುಣಸೆಹಣ್ಣು, ಆಲೂಗಡ್ಡೆ ಹೋಳು ಹಾಕಿ "ಕ್ಲೀನ್" ಮಾಡುವವರಿಗೂ ಇದೇ ಮಾತು. ಎಣ್ಣೆ ನೋಡಲು ಚೆನ್ನಾಗಾಗಬಹುದು, ಹಿಂದಕ್ಕೆ ಮರಳಿ ಹೊಸದಾಗುವುದಿಲ್ಲ.

ಕಣ್ಣಿಗೆ ಕಾಣದ ಈ ಕೊಳೆಯನ್ನು ಅಳೆಯುವ ದಾರಿ ಇದೆ. ಕೆಟ್ಟ ಅಣುಗಳಲ್ಲಿ ಒಂದು ತುದಿ ಸ್ವಲ್ಪ ಧನ, ಇನ್ನೊಂದು ಸ್ವಲ್ಪ ಋಣ. ಹಾಗಾಗಿ ಅವುಗಳಿಗೆ ಪೋಲಾರ್ ಸಂಯುಕ್ತಗಳು ಎಂದು ಹೆಸರು. ಅವು ಹೆಚ್ಚಿದಂತೆ ಎಣ್ಣೆಯ ವಿದ್ಯುತ್ ಗುಣ ಬದಲಾಗುತ್ತದೆ. ಕೈಯಲ್ಲಿ ಹಿಡಿಯುವ ಮೀಟರಿನ ಕಡ್ಡಿಯನ್ನು ಬಿಸಿ ಎಣ್ಣೆಗೆ ಅದ್ದಿದರೆ ಶೇಕಡಾವಾರು ಅಂಕಿ ಬರುತ್ತದೆ. 2018ರ ಜುಲೈ 1ರಿಂದ ನಮ್ಮ ದೇಶದಲ್ಲಿ ಅದರ ಮಿತಿ 25. ದಾಟಿದರೆ ಆ ಎಣ್ಣೆಯಲ್ಲಿ ಕರಿಯುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು 2019ರ ಮಾರ್ಚ್‌ನಿಂದ ಅದರ ಲೆಕ್ಕವನ್ನೂ ಇಡಬೇಕು, ಕೆಟ್ಟ ಎಣ್ಣೆಯನ್ನು ಅಧಿಕೃತ ಸಂಗ್ರಹಗಾರರಿಗೇ ಕೊಡಬೇಕು. ಅದು ಬಯೋಡೀಸೆಲ್ ಆಗುತ್ತದೆ. ಅಲ್ಲಿಯೂ ಆಗುವುದು ಬಾಲ ಬಿಡಿಸುವ ಕೆಲಸವೇ. ಗ್ಲಿಸರಾಲಿನಿಂದ ಬಿಡಿಸಿ ಮೆಥನಾಲಿಗೆ ಕಟ್ಟುತ್ತಾರೆ.

ಭಟ್ಟರ ಬಳಿ ಮೀಟರ್ ಇರಲಿಲ್ಲ. ಸಂಜೆ ಮತ್ತೆ ಒಲೆ ಹಚ್ಚಿ, ಚಿಟಿಕೆ ಹಿಟ್ಟು ಹಾಕಿ ನೋಡಿದರು. ನೊರೆ ಎದ್ದಿತು, ಆದರೆ ಅಡಗಲಿಲ್ಲ, ಅಂಚಿನವರೆಗೂ ಹರಡಿತು. ಏನೂ ಮಾತಾಡದೆ ಉರಿ ಆರಿಸಿ, ಮೂಲೆಯಲ್ಲಿದ್ದ ಖಾಲಿ ಟಿನ್ನನ್ನು ಕಾಲಿನಿಂದ ಹತ್ತಿರ ಎಳೆದುಕೊಂಡರು.