ಬಯೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ

ಬಯೋಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಸಾಫ್ಟ್‌ವೇರ್. ಅದರ ಅಪ್‌ಡೇಟ್ ಆಗುತ್ತಿರುವಾಗ ನಡುವೆ ಕರೆಂಟ್ ಹೋಯಿತು ಅಂದುಕೊಳ್ಳಿ. ಮತ್ತೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಕಂಪ್ಯೂಟರಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ನಲ್ಲಿ ಏನೂ ಸುಟ್ಟಿಲ್ಲ, ಒಂದು ತಂತಿಯೂ ಕಿತ್ತಿಲ್ಲ. ಆದರೂ ಅದು ಈಗ ಇಟ್ಟಿಗೆಗೆ ಸಮ. 'ಬ್ರಿಕ್ ಆಯ್ತು' ಅನ್ನುವುದು ಅದಕ್ಕೇ.

ಇಲ್ಲಿರುವ ತೊಡಕು ಸ್ವಲ್ಪ ವಿಚಿತ್ರ. ಆನ್ ಮಾಡಿದಾಗ ಪ್ರೊಸೆಸರ್ ಮೊದಲು ಓದುವುದು ಬಯೋಸ್ ಚಿಪ್‌ನಲ್ಲಿರುವ ಕೋಡನ್ನು. ರ‍್ಯಾಮ್ ಎಬ್ಬಿಸುವುದು, ಯುಎಸ್‌ಬಿ ಓದುವುದು, ಎಲ್ಲ ಅದರ ಕೆಲಸ. ಹಾಳಾದ ಬಯೋಸನ್ನು ಮತ್ತೆ ಬರೆಯಬೇಕಾದರೂ ಕಂಪ್ಯೂಟರ್ ಶುರುವಾಗಬೇಕು, ಶುರುವಾಗಲು ಬಯೋಸ್ ಬೇಕು. ಕುಳಿತ ಕೊಂಬೆಯನ್ನೇ ಕಡಿದ ಹಾಗೆ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಈ ತಾಪತ್ರಯವೇ ಇರಲಿಲ್ಲ. ಬಯೋಸ್ ರೋಮ್ ಚಿಪ್‌ನಲ್ಲಿ ಅಚ್ಚಾಗಿರುತ್ತಿತ್ತು, ಯಾರೂ ಅಳಿಸುವಂತಿರಲಿಲ್ಲ. ಬದಲಿಸಬೇಕೆಂದರೆ ಚಿಪ್ಪನ್ನೇ ಕಿತ್ತು ಹೊಸದು ಹಾಕಬೇಕು. ಆ ಮೊದಲ ಪಿಸಿಗಳಿಗೆ ಹಾರ್ಡ್ ಡಿಸ್ಕ್ ಜೋಡಿಸಲು ಹೊರಟವರು 1982ರ ಅಕ್ಟೋಬರ್ ತಾರೀಖಿನ ಹೊಸ ರೋಮ್ ಹಾಕಿಸಿಕೊಳ್ಳಬೇಕಿತ್ತು. ಅದೇ ಅಂದಿನ 'ಅಪ್‌ಡೇಟ್'.

ಅಳಿಸಿ ಮತ್ತೆ ಬರೆಯಬಹುದಾದ ಫ್ಲ್ಯಾಶ್ ಮೆಮೊರಿ ಇದನ್ನೆಲ್ಲ ಬದಲಿಸಿತು. ತೋಶಿಬಾದ ಫ್ಯೂಜಿಯೊ ಮಸುವೊಕಾ 1984ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. 1990ರ ದಶಕದಲ್ಲಿ ಅದು ಬಯೋಸ್ ಚಿಪ್ ಆಗಿ ಮದರ್‌ಬೋರ್ಡ್‌ಗೆ ಬಂತು. ಒಂದು ಫ್ಲಾಪಿ ಹಾಕಿ ಬಯೋಸ್ ಬದಲಿಸುವುದು ಸುಲಭವಾಯಿತು. ಕೆಡಿಸುವುದೂ ಅಷ್ಟೇ ಸುಲಭವಾಯಿತು.

ತಯಾರಕರಿಗೆ ಇದು ಗೊತ್ತಿತ್ತು. ಅವರು ಕಂಡುಕೊಂಡ ದಾರಿ ಬೂಟ್ ಬ್ಲಾಕ್: ಅಪ್‌ಡೇಟ್ ಮಾಡುವಾಗ ಸಾಮಾನ್ಯವಾಗಿ ಮುಟ್ಟದೆ ಬಿಡುವ, ಚಿಪ್‌ನ ಒಂದು ಪುಟ್ಟ ಮೂಲೆ. ಉಳಿದದ್ದೆಲ್ಲ ಹಾಳಾದರೂ ಫ್ಲಾಪಿ ಓದುವಷ್ಟು ಜ್ಞಾನ ಅದಕ್ಕಿರುತ್ತಿತ್ತು. ಎಎಂಐ ಕಂಪನಿಯ ಬಯೋಸ್ ಆದರೆ ಕಂಟ್ರೋಲ್ ಮತ್ತು ಹೋಮ್ ಕೀ ಒತ್ತಿ ಹಿಡಿಯಬೇಕು, ಫ್ಲಾಪಿಯಲ್ಲಿ ಅದು ಹುಡುಕುವ ಹೆಸರಿನದೇ ಫೈಲ್ ಇರಬೇಕು. ಅವಾರ್ಡ್ ಕಂಪನಿಯ ಬಯೋಸ್‌ನ ಬೂಟ್ ಬ್ಲಾಕ್‌ಗೆ ಹಳೆಯ ಐಎಸ್‌ಎ ಮಾದರಿಯ ವಿಡಿಯೊ ಕಾರ್ಡ್ ಬಿಟ್ಟರೆ ಬೇರೆ ಕಾರ್ಡ್ ಸಾಮಾನ್ಯವಾಗಿ ಗೊತ್ತಾಗುತ್ತಿರಲಿಲ್ಲ. ಆ ಕಾರ್ಡ್ ಇಲ್ಲದವರು ಕತ್ತಲೆಯ ಸ್ಕ್ರೀನ್ ಮುಂದೆ ಕುಳಿತು ಫ್ಲಾಪಿ ಡ್ರೈವ್‌ನ ದೀಪ, ಕರಕರ ಸದ್ದು ನಂಬಿಕೊಂಡೇ ಕೆಲಸ ಮುಗಿಸಬೇಕಿತ್ತು.

ಬೂಟ್ ಬ್ಲಾಕ್ ಕೂಡ ಹೋದರೆ? ಆಗ ಬರುತ್ತಿದ್ದದ್ದು ಹಾಟ್ ಸ್ವಾಪ್. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ಅದೇ ಮಾದರಿಯ ಇನ್ನೊಂದು ಒಳ್ಳೆಯ ಕಂಪ್ಯೂಟರ್ ಆನ್ ಮಾಡುತ್ತಾರೆ. ಶುರುವಾದ ಮೇಲೆ ಬಯೋಸ್‌ನ ನಕಲು ರ‍್ಯಾಮ್‌ನಲ್ಲಿ ಇರುತ್ತದೆ, ಚಿಪ್ ಇಲ್ಲದಿದ್ದರೂ ಯಂತ್ರ ನಡೆಯುತ್ತದೆ. ಆಗ ಯಂತ್ರ ಓಡುತ್ತಿರುವಾಗಲೇ ಸಾಕೆಟ್‌ನಿಂದ ಒಳ್ಳೆಯ ಚಿಪ್ ಕಿತ್ತು, ಕೆಟ್ಟ ಚಿಪ್ ಕೂರಿಸಿ, ಅದರ ಮೇಲೆ ಬಯೋಸ್ ಬರೆಯುವುದು. ಒಂದು ಪಿನ್ ತಪ್ಪಾಗಿ ತಾಗಿದರೆ ಎರಡು ಬೋರ್ಡ್‌ಗಳೂ ಹೋದಂತೆ. ಹುಚ್ಚು ಧೈರ್ಯ, ಆದರೆ ಕೈ ನಡುಗದಿದ್ದರೆ ನಡೆಯುತ್ತಿತ್ತು.

1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಈ ದೌರ್ಬಲ್ಯವನ್ನು ಊರಿಗೆಲ್ಲ ಸಾರಿತು. ಅದು ಹಾರ್ಡ್ ಡಿಸ್ಕ್‌ನ ಮೊದಲ ಭಾಗ ಅಳಿಸುವುದರ ಜೊತೆಗೆ, ಕೆಲವು ಬೋರ್ಡ್‌ಗಳಲ್ಲಿ ಬಯೋಸ್ ಮೇಲೂ ಕಸ ಬರೆಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಗಿಗಾಬೈಟ್ ಕಂಪನಿ ಎರಡು ಬಯೋಸ್ ಚಿಪ್ ಇರುವ ಬೋರ್ಡ್ ತಂದಿತು. ಒಂದು ಕೆಟ್ಟರೆ ಇನ್ನೊಂದು. ಸರಳ ಉಪಾಯ, ಅಲ್ವಾ?

ಆಮೇಲೆ ಚಿಪ್ ಚಿಕ್ಕದಾಯಿತು. ಎಂಟು ಕಾಲಿನ ಎಸ್‌ಪಿಐ ಚಿಪ್ ಬಂತು. ಬಹಳಷ್ಟು ಬೋರ್ಡ್‌ಗಳಲ್ಲಿ ಅದನ್ನು ನೇರವಾಗಿ ಬೆಸುಗೆ ಹಾಕಿಬಿಟ್ಟರು, ಕಿತ್ತು ಹಾಕುವ ಆಟ ಮುಗಿಯಿತು. ಆದರೆ ಬೇರೆ ಬಾಗಿಲು ತೆರೆಯಿತು. ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್, ಅಂದರೆ ಚಿಪ್‌ಗೆ ಬರೆಯುವ ಪುಟ್ಟ ಸಾಧನದ ಕ್ಲಿಪ್ಪನ್ನು ಚಿಪ್‌ಗೆ ಕಚ್ಚಿಸಿ, ಇನ್ನೊಂದು ಕಂಪ್ಯೂಟರ್‌ನಿಂದ ಬರೆಯಬಹುದು. ಈ ದಾರಿ ಹಿಡಿಯುವವರು ವೋಲ್ಟೇಜ್ ನೋಡಿಕೊಳ್ಳಬೇಕು: ಕೆಲವು ಚಿಪ್ 3.3 ವೋಲ್ಟ್, ಕೆಲವು 1.8. ಎರಡನೆಯದಕ್ಕೆ ವೋಲ್ಟೇಜ್ ಇಳಿಸುವ ಅಡಾಪ್ಟರ್ ಇಲ್ಲದೆ ಕೈ ಹಾಕಬಾರದು.

ಇನ್ನೂ ಒಂದು. ಬರೆಯುವ ಮೊದಲು ಹಳೆಯದನ್ನು ಓದಿ ಉಳಿಸಿಕೊಳ್ಳಿ, ಅದೂ ಎರಡು ಸಲ. ಎರಡೂ ಒಂದೇ ಥರ ಇದ್ದರೆ ಮಾತ್ರ ಕ್ಲಿಪ್ ಸರಿಯಾಗಿ ಕೂತಿದೆ ಅಂತ. ಎಷ್ಟೋ ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನ ಮ್ಯಾಕ್ ವಿಳಾಸ, ಸೀರಿಯಲ್ ನಂಬರ್, ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಕೂಡ ಅದೇ ಚಿಪ್‌ನಲ್ಲಿ ಇರುತ್ತವೆ. ಡೌನ್‌ಲೋಡ್ ಮಾಡಿದ ಫೈಲನ್ನು ಸುಮ್ನೆ ಮೇಲೆ ಬರೆದರೆ ಅವೆಲ್ಲ ಹೋಗುತ್ತವೆ.

ಮದರ್‌ಬೋರ್ಡ್ ಮೇಲಿರುವ ಗಡಿಯಾರದ ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ ಅಂತ ಹೇಳುವವರು ಜಾಸ್ತಿ. ಹೋಗುವುದಿಲ್ಲ. ಅದರಿಂದ ಅಳಿಯುವುದು ಸೆಟ್ಟಿಂಗ್‌ಗಳು ಮಾತ್ರ. ಅರ್ಧ ಬರೆದ ಬಯೋಸ್ ಹಾಗೇ ಇರುತ್ತದೆ.

ಹಳೆಯ ತೊಡಕನ್ನು ನಿಜವಾಗಿ ಬಿಡಿಸಿದ್ದು ಮದರ್‌ಬೋರ್ಡ್‌ನ ಹಿಂಬದಿಯ ಒಂದು ಪುಟ್ಟ ಬಟನ್. ಏಸುಸ್ ಅದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್. ಬೋರ್ಡ್ ಮೇಲಿನ ಬೇರೆಯೇ ಒಂದು ಕಂಟ್ರೋಲರ್ ಪೆನ್‌ಡ್ರೈವ್ ಓದಿ ಚಿಪ್‌ಗೆ ಬರೆಯುತ್ತದೆ. ಪ್ರೊಸೆಸರ್, ರ‍್ಯಾಮ್ ಯಾವುದೂ ಬೇಕಿಲ್ಲ, ಪವರ್ ಇದ್ದರೆ ಸಾಕು. ಪೆನ್‌ಡ್ರೈವನ್ನು ಫ್ಯಾಟ್32 ಎಂಬ ವಿಧದಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಫೈಲ್‌ನ ಹೆಸರು ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು. ಒಂದು ಅಕ್ಷರ ತಪ್ಪಿದರೂ ಕಂಟ್ರೋಲರ್ ಅದನ್ನು ಗುರುತಿಸುವುದಿಲ್ಲ. ಫ್ಲಾಪಿ ಕಾಲದ ಆ ಹಟ ಇನ್ನೂ ಬಿಟ್ಟಿಲ್ಲ ನೋಡಿ.